ಸೀಟಿಯ ಹುಕುಂ

ಬೀದರ, ಸಿಪಾಯಿಗಳ ಖೋಲಿ
೨೨ ನವೆಂಬರ್ ೧೯೫೬

ನನ್ನ ಮಗ ಮಚ್ಛೇಂದ್ರನಿಗೆ ಅವ್ವ ಅಂಜನಾಬಾಯಿಯ ತುಂಬುಮನಸ್ಸಿನ ಆಶೀರ್ವಾದ.

ಹೇಗಿದ್ದೀಯಪ್ಪಾ? ಜಮ್ಮುವಿನ ಚಳಿಗೆ ಮತ್ತೆ ಕೆಮ್ಮು ಬಂದಿಲ್ಲ ತಾನೆ? ಉಣ್ಣೆ ಟೋಪಿ ಹಾಕಿಕೊಳ್ಳಲು ನಾಚಬೇಡ. ಹವಾಲ್ದಾರನಾದರೂ ಕಿವಿ ಕಿವಿಯೇ. ನಾನು ಗಟ್ಟಿಯಾಗಿದ್ದೇನೆ. ಬರ್ಮಾ ಲಡಾಯಿಯಲ್ಲಿ ಹೋದ ಕಾಲು ನಿಮ್ಮಪ್ಪನಿಗೆ ಈಗಲೂ ತುರಿಸುತ್ತದಂತೆ. ಇಲ್ಲದ ಕಾಲನ್ನು ನಾನೆಲ್ಲಿ ಕೆರೆಯಲಿ, ಹೇಳು!

ಈ ತಿಂಗಳ ಮೊದಲ ದಿನ ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆಯ ಮಕ್ಕಳಿಗೆ ಪೇಢೆ ಹಂಚಿದರು, ನನಗೂ ಒಂದು ಸಿಕ್ಕಿತು. ಆದರೆ ಚಂದಾ ಎತ್ತಿ ಮುದಿ ಸಿಪಾಯಿಗಳಿಗೆಂದು ಈ ಖೋಲಿಗಳನ್ನು ಕಟ್ಟಿಸಿದ ಕಪ್ತಾನ ಸಾಹೇಬರು ಹೈದರಾಬಾದಿನಲ್ಲೇ ಉಳಿದುಬಿಟ್ಟರು. ಔರಾದಿನ ನಮ್ಮ ಗುಡಿಸಲು ಬಿದ್ದಾಗ "ಬದುಕಿರೋ ತನಕ ಇದು ನಿನ್ನ ಮನಿ, ಕಾಶೀರಾಮ" ಎಂದು ನಿಮ್ಮಪ್ಪನ ಕೈಗೆ ಕೀಲಿ ಕೊಟ್ಟವರು ಅವರೇ. ಈಗ ಅವರ ಜಾಗಕ್ಕೆ ಹೊಸ ಮ್ಯಾನೇಜರ ಬಂದಿದ್ದಾನೆ. ಒಂದು ದಿನವೂ ಫೌಜು ಕಂಡವನಲ್ಲ, ಕೊರಳಲ್ಲಿ ಮಾತ್ರ ಸೀಟಿ. ಅದನ್ನು ಊದಿದರೆ ಸಾಕು, ಮುದುಕರೆಲ್ಲ ಉಣ್ಣುವ ತಾಟು ಬಿಟ್ಟು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಅವನು ಒಬ್ಬೊಬ್ಬರನ್ನೇ ಜೀಪಿಗೆ ಹತ್ತಿಸುತ್ತಿದ್ದ. "ಭಾಲ್ಕಿದಾಗ ನಿಮಗ ಪಕ್ಕಾ ಮನಿ ತಯಾರದರಿ" ಎನ್ನುತ್ತಿದ್ದ. ಹೋದವರ ಸುದ್ದಿಯೇ ಇಲ್ಲ.

ಪಕ್ಕದ ಖೋಲಿಯ ಗೌಸೋದ್ದೀನ ನಿನಗೆ ಗೊತ್ತಲ್ಲ, ನಿಜಾಮರ ಫೌಜಿನಲ್ಲಿದ್ದವರು. ಹೆಂಡತಿ ವಜೀರಬೀ ಮಗಳ ಮನೆಗೆ ಹೋಗಿದ್ದಾಗ ಅವರನ್ನೂ ಒಯ್ದರು. ಹಾಸಿಗೆ, ಔಷಧದ ಸೀಸೆ ಎಲ್ಲ ಇಲ್ಲೇ ಉಳಿದವು. ವಜೀರಬೀ ಮೊನ್ನೆ ಭಾಲ್ಕಿಯೆಲ್ಲ ಹುಡುಕಿ ಬಂದಳು. "ಅಲ್ಲಿ ಮನಿನೇ ಇಲ್ಲ ಅಕ್ಕಾ, ಬರೇ ಬಯಲದ. ಅವರನ್ನ ಯಾರೂ ನೋಡಿಲ್ಲಂತ" ಎಂದು ನನ್ನ ಬಾಗಿಲಲ್ಲೇ ಕುಸಿದಳು. ಅವಳ ಖೋಲಿಗೆ ಆಗಲೇ ಬೇರೆ ಬೀಗ ಬಿದ್ದಿತ್ತು; ಒಳಗೆ ಯಾವನೋ ಅಡತಿ ವ್ಯಾಪಾರಿಯ ತೊಗರಿ ಚೀಲಗಳನ್ನು ಒಟ್ಟಿದ್ದಾರೆ. ಖೋಲಿ ಖಾಲಿಯಾದಷ್ಟೂ ಮ್ಯಾನೇಜರನಿಗೆ ಬಾಡಿಗೆ. ಪಾಪ, ವಜೀರಬೀ ಈಗ ನನ್ನ ಹತ್ತಿರವೇ ಮಲಗುತ್ತಾಳೆ.

ಕಚೇರಿಗೂ ಹೋಗಿದ್ದೆ. "ಹೈದರಾಬಾದಿಗೆ ಕೇಳ್ರಿ" ಎಂದ ಒಬ್ಬ. "ಇನ್ನ ಮ್ಯಾಲ ಬೆಂಗಳೂರಿಗೆ ಬರೀರಿ" ಎಂದ ಇನ್ನೊಬ್ಬ. ಇವರ ಬಾಯಿಗೆ ಮಣ್ಣು ಬೀಳಲಿ! ಇಷ್ಟೆಲ್ಲ ನಿಮ್ಮಪ್ಪನಿಗೂ ಗೊತ್ತು. ಈಗ ಉಳಿದವರು ಅವರೊಬ್ಬರೇ. "ಜೀಪು ಬಂದರ ಹತ್ತಬ್ಯಾಡ್ರಿ" ಎಂದು ಕೈ ಮುಗಿದೆ. "ಹುಕುಂ ಅಂದ್ರ ಹುಕುಂ. ಯಾಕ ಅಂತ ಸಿಪಾಯಿ ಕೇಳಂಗಿಲ್ಲ" ಎಂದು ಗೋಡೆಯ ಕಡೆ ಹೊರಳಿದರು. ಬುದ್ಧಿ ಇಲ್ಲವೆಂದಲ್ಲ, ಮೈಗೆ ಹತ್ತಿದ ರೂಢಿ ಅದು. ನನಗೆ ತುಂಬ ಭಯವಾಗಿದೆ ಮಗನೇ.

ಹೊತ್ತಿಗೆ ಸರಿಯಾಗಿ ಉಣ್ಣು. ವಜೀರಬೀ ನಿನಗೆ ದುವಾ ಹೇಳಿದ್ದಾಳೆ. ದೇವರು ನಿನ್ನನ್ನು ಕಾಯಲಿ.

ನಿನ್ನ ದಾರಿ ಕಾಯುವ
ಅವ್ವ

ತಾ.ಕ.: ನಿಮ್ಮಪ್ಪನಿಗೆ ಮಗನಾಗಿ ಬರೆಯಬೇಡ, ಮಗನ ಮಾತು ಅವರು ಕೇಳುವುದಿಲ್ಲ. ಅವರು ಸಿಪಾಯಿ, ನೀನು ಹವಾಲ್ದಾರ. "ಸಿಪಾಯಿ ಕಾಶೀರಾಮ, ಜಾಗ ಬಿಡಬೇಡ" ಎಂದು ಹುಕುಂ ಮಾಡಿ ತಂತಿ ಕಳಿಸು, ಈ ಕಾಗದ ಸಿಕ್ಕ ದಿನವೇ ಕಳಿಸು. ಅಯ್ಯೋ, ಜೀಪು ಬಂತು, ಸೀಟಿ ಊದಿದ. ಹೋಗದಿರಲೆಂದು ನಿಮ್ಮಪ್ಪನ ಕಟ್ಟಿಗೆಯ ಕಾಲನ್ನು ಬೆಳಗ್ಗೆಯೇ ಜೋಳದ ಚೀಲದಲ್ಲಿ ಬಚ್ಚಿಟ್ಟಿದ್ದೆ. ಅವರು ಕಾಲು ಎಲ್ಲಿ ಎಂದು ಕೇಳಲೇ ಇಲ್ಲ. ಅಂಗಳದ ಕಡೆಗೆ ತೆವಳುತ್ತಿದ್ದಾರೆ.