ನಕಾಶೆಯ ಬಾವಿ

ಜಗಳೂರು
೧೨–೯–೧೯೮೩

ಅಪ್ಪಾಜಿಯವರಿಗೆ ಸರ್ವಮಂಗಳಳ ಶರಣು.

ನನ್ನ ಮೊದಲ ಪ್ರಾಕ್ಟೀಸ್ ಪಾಠ ಮುಗಿಯಿತು. ‘ಗುಡ್’ ಎಂದು ಬಂದಿದೆ. ದಯವಿಟ್ಟು ನಮ್ಮೂರು ಗೋವಿನಕೋವಿಯಲ್ಲಿ ಯಾರಿಗೂ ಹೇಳಬೇಡಿ.

ಟೀಚರ್ ಟ್ರೈನಿಂಗಿನಲ್ಲಿ ಪ್ರತಿ ಪಾಠಕ್ಕೂ ಮೊದಲು, ಮಕ್ಕಳು ಏನು ಕಲಿಯಬೇಕೆಂಬ ಉದ್ದೇಶ ಬರೆಯಬೇಕು. ಐದನೇ ತರಗತಿಯ ಸಮಾಜಕ್ಕೆ ನಾನು, ‘ಮಕ್ಕಳು ಊರಿನ ನಕಾಶೆ ಬರೆದು ಎಲ್ಲರಿಗೂ ಸೇರಿದ ಜಾಗಗಳನ್ನು ಗುರುತಿಸುವರು’ ಎಂದು ಬರೆದಿದ್ದೆ. ಮಕ್ಕಳು ಬೋರ್ಡಿನ ಮೇಲೆ ಶಾಲೆ, ಬಸ್ ಸ್ಟ್ಯಾಂಡು, ಬಾವಿ ಎಲ್ಲ ಬರೆದರು. ಊರಾಚೆಯ ಕೇರಿಯ ಮಾರಕ್ಕ ಎಂಬ ಹುಡುಗಿ ದೂರದಲ್ಲಿ ಇನ್ನೊಂದು ಬಾವಿ ಬರೆದಳು. ಹತ್ತಿರದ್ದನ್ನು ಬಿಟ್ಟು ಅಷ್ಟು ದೂರ ನೀರಿಗೆ ಹೋಗುತ್ತೀಯಾ, ಒಳ್ಳೇ ವಾಕಿಂಗ್ ನಿಂದು ಎಂದು ನಾನು ನಗಿಸಲು ನೋಡಿದೆ.

“ಇದನ್ನ ಬರೆಯಾಕೆ ಬಿಡ್ತಾರ್ರೀ ಮಿಸ್, ಸೇದಾಕೆ ಬಿಡಲ್ಲ,” ಅಂದಳು, ಹತ್ತಿರದ ಬಾವಿಯ ಮೇಲೆ ಬೆರಳಿಟ್ಟು.

ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ನಮ್ಮ ಲೆಕ್ಚರರ್ ಮಾರ್ಕ್ಸ್ ಹಾಕುತ್ತ ಕುಳಿತಿದ್ದರು. ನಾನು ಅವಳ ಬಾವಿಯನ್ನು ಒರೆಸಿ ಮುಂದಿನ ಪ್ರಶ್ನೆ ಕೇಳಿದೆ.

ಅಪ್ಪಾಜಿ, ಚಿಕ್ಕಂದಿನಿಂದ ಹಾಸ್ಟೆಲ್ಲಿನ ನಲ್ಲಿ ನೀರು ಕುಡಿದವಳು ನಾನು. ನಮ್ಮ ಹಿತ್ತಿಲ ಬಾವಿಯಲ್ಲಿ ಕೆಲಸದ ಭೀಮಕ್ಕ ತಾನೇ ಸೇದಿಕೊಳ್ಳುತ್ತಾಳೋ, ಅಮ್ಮ ಸೇದಿ ಅವಳ ಕೊಡಕ್ಕೆ ಮೇಲಿಂದ ಹೊಯ್ಯುತ್ತಾರೋ? ರಜೆಗೆ ಬಂದಾಗಲೆಲ್ಲ ಅಲ್ಲೇ ಓಡಾಡಿಯೂ ನಾನು ನೋಡಿಲ್ಲ. ನೋಡಿದ್ದರೂ ನೆನಪಿಲ್ಲ. ದಯವಿಟ್ಟು ತಿಳಿಸಿ.

ಅಂಚೆ ಕಾರ್ಡಿನಲ್ಲಿ ಬೇಡ. ಇಲ್ಲಿ ಕಾರ್ಡನ್ನು ಎಲ್ಲರೂ ಓದುತ್ತಾರೆ. ಇನ್‌ಲ್ಯಾಂಡಿನಲ್ಲಿ ಬರೆದು, ಚೆನ್ನಾಗಿ ಅಂಟಿಸಿ ಕಳಿಸಿ.

ನಿಮ್ಮ ಮಗಳು,
ಸರ್ವಮಂಗಳ