ಒಂಬತ್ತನೇ ಹಾಡು

ಶುಕ್ರವಾರ, ಮಧ್ಯಾಹ್ನ
ಪ್ರೂಫ್ ಕೋಣೆಯಿಂದ

ನನ್ನ ಗುಡುಗಮ್ಮನಿಗೆ,

ಬೆಳಿಗ್ಗೆ ಮೇಜು ಒರೆಸುವಾಗ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ನನ್ನ ಹೆಡ್‌ಫೋನಿನ ಎಡಗಡೆಯ ಮೆತ್ತೆ ಸವೆದು ಪುಡಿಪುಡಿಯಾಗಿ ಉದುರುತ್ತಿದೆ. ಬಲಗಡೆಯದು ಅಂಗಡಿಯಿಂದ ತಂದ ದಿನದ ಹಾಗೇ ಇದೆ. ಇಲ್ಲಿ ಎಲ್ಲರೂ ಕೇಳುವುದು ಹೀಗೇ. ಒಂದು ಕಿವಿ ಹಾಡಿಗೆ, ಇನ್ನೊಂದು ಸಂಪಾದಕರ ಕೂಗಿಗೆ.

ಪ್ರೂಫ್ ನೋಡುವವಳಿಗೆ ಹೆಡ್‌ಫೋನ್ ಯಾಕೆ ಎಂದು ನೀನು ಕೇಳುತ್ತೀಯ. ನಾನು ಇಲ್ಲಿ ಪ್ರೂಫ್ ಮಾತ್ರ ನೋಡುವುದಿಲ್ಲ. ಹೋದ ವರ್ಷದಿಂದ ವಿಮರ್ಶೆಯನ್ನೂ ಬರೆಯುತ್ತೇನೆ. ರಾಕ್, ಮೆಟಲ್, ಎಲೆಕ್ಟ್ರಾನಿಕ್, ಹೀಗೆ ಹಿರಿಯರಿಗೆ ತಲೆನೋವು ತರುವುದೆಲ್ಲ ನನ್ನ ಪಾಲಿಗೆ. ನಮ್ಮ ವಾರಪತ್ರಿಕೆಯಲ್ಲಿ ವಿಮರ್ಶೆಯ ಕೆಳಗೆ ಹೆಸರು ಹಾಕುವ ಪದ್ಧತಿಯಿಲ್ಲ. ನಿಮ್ಮ ತಂಡದ ಆಲ್ಬಮ್ಮಿನ ಬಗ್ಗೆ ಬರೆದವಳು ನಾನೇ.

ಈ ಸಾಲು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ.

ಕಳೆದ ಭಾನುವಾರ ನೀನು ಫೋನಿನಲ್ಲಿ ಆ ವಿಮರ್ಶೆಯನ್ನು ವಾರ್ತೆ ಓದುವವರ ಧಾಟಿಯಲ್ಲಿ ನನಗೇ ಓದಿ ಹೇಳಿದೆ. "ಒಂಬತ್ತು ಹಾಡುಗಳಿಗೆ ನಡಿಗೆಯೇ ಇಲ್ಲ. ಯಾವುದನ್ನು ಎಲ್ಲಿಟ್ಟರೂ ವ್ಯತ್ಯಾಸವಾಗದು. 'ಅಂಗೈ' ಎಂಬುದಂತೂ ಹಾಡಲ್ಲ, ರೆಕಾರ್ಡ್ ಮಾಡಲು ಮರೆತ ಮೂರು ನಿಮಿಷ." ಓದಿ ನೀನೇ ನಕ್ಕೆ. ಯಾರೇ ಈ ಮಹಾನುಭಾವ, ಪ್ರೂಫ್ ನೋಡೋಳು ನೀನು, ನಿನಗೆ ಗೊತ್ತಿಲ್ದೆ ಇರುತ್ತಾ ಅಂದೆ. ಯಾರೋ ಹಿರಿಯರು, ಹೊರಗಿನಿಂದ ಬರೆದು ಕಳಿಸ್ತಾರೆ ಎಂದುಬಿಟ್ಟೆ ನಾನು. ಆಗ ನಿನ್ನ ನಗು ನಿಂತಿತು. ಆ ಯಜಮಾನರು ಹೇಳೋದ್ರಲ್ಲೂ ಅರ್ಥ ಇದೆ ಕಣೇ, ಸೋಮವಾರ ಡಿಸ್ಕ್ ಅಚ್ಚಿಗೆ ಹೋಗುತ್ತೆ, ಅದಕ್ಕೆ ಮುಂಚೆ 'ಅಂಗೈ' ತೆಗೆದುಬಿಡೋಣ ಅಂತಿದೀವಿ, ಸಾಹಿತ್ಯ ಓದಿದವಳು ನೀನು, ನೀನೇ ಹೇಳು ಅಂದೆ. ತೆಗೆದರೂ ನಷ್ಟವಿಲ್ಲ ಅನ್ಸುತ್ತೆ ಎಂದೆ ನಾನು. ನೀನು, ಅಪ್ಪನಿಗೆ ಏನಂತ ಹೇಳ್ಲಿ, ದಿನಾ ಸ್ಪೀಕರ್ ಮೇಲೆ ಕೈ ಇಟ್ಕೊಂಡು ಅದೊಂದನ್ನೇ ಕೇಳ್ತಾರೆ ಅಂದೆ.



ಆದದ್ದು ಇಷ್ಟು. ನಿಮ್ಮ ತಂಡ ಹಾಡುಗಳನ್ನು ಕಳಿಸಿದಾಗ ಅವುಗಳ ಮೇಲೆ ಸಂಖ್ಯೆಗಳಿರಲಿಲ್ಲ, ಬರೀ ಹೆಸರುಗಳಿದ್ದವು. ಆಫೀಸಿನ ಕಂಪ್ಯೂಟರ್ ಅವನ್ನು ಶಾಲೆಯ ಹಾಜರಿ ಪುಸ್ತಕದ ಹಾಗೆ ಅಕಾರಾದಿಯಾಗಿ ನಿಲ್ಲಿಸಿತು. ಕೊನೆಗೆ ಬರಬೇಕಾದ 'ಅಂಗೈ' ಮೊದಲು ಬಂತು, ಮೊದಲಿನ 'ಸೈರನ್' ಕೊನೆಗೆ ಹೋಯಿತು. ನಾನು ಹಾಗೇ ಕೇಳಿದೆ, ಅದೂ ಒಂದೇ ಕಿವಿಯಲ್ಲಿ. ಪಕ್ಕದ ಮೇಜಿನ ಹಿರಿಯರು, ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕಮ್ಮ, ನೀನು ಹಂಡೆ ಖಾಲಿ ಮಾಡ್ತಾ ಕೂತಿದೀಯಲ್ಲ ಎಂದು ರೇಗಿಸಿದರು. ಪೂರ್ತಿ ಕೇಳುತ್ತಿದ್ದೇನೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಹಾಡುಗಳ ಜೊತೆಗೆ ನೀನು ಬರೆದ ಒಂದು ಪುಟದ ಟಿಪ್ಪಣಿಯೂ ಇತ್ತು. ಅದನ್ನು ಬೇಕೆಂದೇ ತೆರೆಯಲಿಲ್ಲ. ಕೃತಿಯನ್ನು ನೋಡಿ, ಕರ್ತೃವನ್ನಲ್ಲ ಎಂದು ತರಗತಿಯಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರಲ್ಲ, ಅದೇ ವ್ರತ. ಹಾಸ್ಟೆಲಿನಲ್ಲಿ ಬಕೆಟ್ ಬೋರಲು ಹಾಕಿ ಬಾರಿಸಿ ಮಹಡಿಯವರನ್ನೆಲ್ಲ ಎಬ್ಬಿಸುತ್ತಿದ್ದವಳು ನನ್ನ ಗೆಳತಿ ಎಂಬ ಮುಲಾಜು ಬರವಣಿಗೆಯಲ್ಲಿ ಕಾಣಬಾರದೆಂದು ಇನ್ನೂ ಎರಡು ಸುತ್ತು ಬಿಗಿ ಮಾಡಿದೆ. ಗೆಳತಿಯ ಆಲ್ಬಮ್, ಬೇರೆಯವರಿಗೆ ಕೊಡಿ ಎಂದು ಸಂಪಾದಕರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರ ಕೋಣೆಯ ಬಾಗಿಲವರೆಗೂ ಹೋಗಿ ಹಿಂತಿರುಗಿದ್ದೆ. ನನ್ನ ಸಂಕೋಚ ನಿನಗೆ ಗೊತ್ತಿಲ್ಲದ್ದಲ್ಲ.

ನಿನ್ನೆ ಹಳೆಯ ಮೇಲ್‌ಗಳನ್ನು ಅಳಿಸುವಾಗ ಆ ಟಿಪ್ಪಣಿ ಓದಿದೆ. ನಿನ್ನ ಅಪ್ಪ ಗಿರಣಿಯಲ್ಲಿ ಮೂವತ್ತು ವರ್ಷ ಯಂತ್ರಗಳ ನಡುವೆ ನಿಂತು ಕಿವಿ ಕಳೆದುಕೊಂಡದ್ದು, ಸೈರನ್ನಿನ ಅಬ್ಬರದಿಂದ ಶುರುವಾಗಿ ಹಾಡಿಗೊಂದು ವಾದ್ಯ ಕಳಚುತ್ತಾ ಹೋಗುವುದು, ಕೊನೆಗೆ ಅಪ್ಪ ಅಂಗೈಯಿಂದ ಕೇಳಬಲ್ಲ ಮಿಡಿತ ಮಾತ್ರ ಉಳಿಯುವುದು. ಸಂಜೆ ಮನೆಗೆ ಹೋದವಳು ಬಾಗಿಲು ಹಾಕಿಕೊಂಡು, ಸ್ಪೀಕರಿನಲ್ಲಿ, ನೀನು ಜೋಡಿಸಿದ ಕ್ರಮದಲ್ಲೇ ಒಂಬತ್ತನ್ನೂ ಕೇಳಿದೆ. ಏಳನೆಯದರಲ್ಲಿ ಗಿಟಾರ್ ಇಲ್ಲದ್ದು ಗೊತ್ತಾಗಿ ಅದನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಒಂಬತ್ತನೆಯದಕ್ಕೆ ಸ್ಪೀಕರಿನ ಮೇಲೆ ಕೈಯಿಟ್ಟೆ. ನಾನು ನಡಿಗೆಯಿಲ್ಲ ಎಂದು ಬರೆದ ಆಲ್ಬಮ್, ನಾನು ಕೇಳಿದ್ದರಲ್ಲೇ ಅತ್ಯಂತ ಎಚ್ಚರದಿಂದ ಹೆಜ್ಜೆಯಿಡುವ ಆಲ್ಬಮ್. ಇದನ್ನು ಗೆಳತಿಯಾಗಿ ಹೇಳುತ್ತಿಲ್ಲ.

'ಅಂಗೈ' ತೆಗೆಯಬೇಡ. ತೆಗೆದರೆ ಅದಕ್ಕಿಂತ ಮೊದಲಿನ ಎಂಟಕ್ಕೂ ಹೋಗಿ ಸೇರಲು ಜಾಗವಿರುವುದಿಲ್ಲ. ನನ್ನ ಮೇಲಿನ ಸಿಟ್ಟಿಗಾದರೂ ಅದನ್ನು ಉಳಿಸು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅಪ್ಪನಿಗೆ ಏನೂ ಹೇಳಬೇಡ, ಹಾಡು ಇದ್ದಲ್ಲೇ ಇರಲಿ, ಅಷ್ಟು ಸಾಕು.

ನಿನ್ನ ರೂಮಿನ,
ಪಿಸುದನಿಯವಳು

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಟಿಪ್ಪಣಿಯನ್ನು ನಿನ್ನೆ ಓದಿದೆ ಎಂದು ಮೇಲೆ ಬರೆದದ್ದು ಸುಳ್ಳು. ಓದಿದ್ದು ನಾಲ್ಕು ವಾರದ ಹಿಂದೆ, ಪುಟ ಅಚ್ಚಿಗೆ ಹೋಗುವ ದಿನ. ಪ್ರೂಫ್ ನನ್ನ ಕೈಯಲ್ಲೇ ಇತ್ತು, ತಡೆಯಲು ಇನ್ನೂ ನಾಲ್ಕು ಗಂಟೆ ಸಮಯವಿತ್ತು. ಆದರೆ ಅವತ್ತು ಬೆಳಿಗ್ಗೆ ಸಂಪಾದಕರು ಎಲ್ಲರೆದುರು, ಈ ಹುಡುಗಿ ಪೆನ್ನಲ್ಲ, ಚಾಕು ಹಿಡಿದು ಬರೀತಾಳೆ ನೋಡ್ರಯ್ಯಾ ಎಂದಿದ್ದರು. ಇಲ್ಲಿ ಯಾರೂ ನನ್ನನ್ನು ಹಾಗೆ ತಿರುಗಿ ನೋಡಿರಲಿಲ್ಲ. ನಿನ್ನ ಬಳಿ ಒಂದು ಇಡೀ ಆಲ್ಬಮ್ ಇದೆ, ನನಗೆ ಈ ಒಂದು ಪುಟವಾದರೂ ಇರಲಿ ಅನಿಸಿತು. ಒಂದು ಅಲ್ಪವಿರಾಮ ತಿದ್ದಿ, ಸಹಿ ಹಾಕಿ ಕೆಳಗೆ ಕಳಿಸಿದೆ. ಮತ್ತೆ ಕೂತು ಕ್ರಮವಾಗಿ ಕೇಳಿದ್ದು ಮಾತ್ರ ನಿನ್ನೆ, ಅದು ನಿಜ.

ಆದದ್ದನ್ನೆಲ್ಲ, ಈ ಚಾಕುವಿನ ಮಾತನ್ನೂ ಸೇರಿಸಿ, ಮುಂದಿನ ಸಂಚಿಕೆಗೆ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಈಗಷ್ಟೇ ಸಂಪಾದಕರ ಮೇಜಿನ ಮೇಲಿಟ್ಟು ಬಂದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ನಾನೇ ತರುತ್ತೇನೆ, ನೀನು ಓದಿ ಮುಗಿಸುವವರೆಗೂ ಎದುರಿಗೆ ಕೂತಿರುತ್ತೇನೆ.