ಎರಡು ಗುಂಡಿನ ಸುದ್ದಿ

ವಿರಾಜಪೇಟೆ
ಸೋಮವಾರ, ೯ ನವೆಂಬರ್ ೧೯೩೬

ಪ್ರೀತಿಯ ಅಣ್ಣಯ್ಯಾ,

‘ಬೆಟ್ಟಗಳು ಸಾವನ್ನು ಸದ್ದಿಲ್ಲದೆ ಹೊರುತ್ತವೆ’ ಎಂದಿತ್ತೋ, ‘ಸದ್ದಿಲ್ಲದೆ ಮರೆಯುತ್ತವೆ’ ಎಂದಿತ್ತೋ, ನೀನು ಕಾಲೇಜಿನಲ್ಲಿದ್ದಾಗ ಬರೆದ ಪದ್ಯದ ಸಾಲು ಬೆಳಗಿನಿಂದ ಅರ್ಧ ನೆನಪಾಗಿ ಕಾಡುತ್ತಿದೆ. ಹೇಗಿದ್ದರೂ ನೀನು ಬರೆದದ್ದು ತಪ್ಪು. ನಮ್ಮ ಬೆಟ್ಟಗಳಲ್ಲಿ ಸಾವಿಗೆ ಸದ್ದಿದೆ. ಆ ಸದ್ದೇ ಈ ವಾರವೆಲ್ಲ ನನ್ನನ್ನು ಓಡಾಡಿಸಿತು. ಅದಿರಲಿ, ಕಣ್ಣು ಹೇಗಿದೆ? ಪೊರೆ ತೆಗೆದ ಮೇಲೆ ನೋವು ಇಳಿಯಿತೆ? ಕಟ್ಟು ಬಿಚ್ಚುವವರೆಗೆ ತಲೆ ಅಲ್ಲಾಡಿಸಬಾರದೆಂದು ಮೈಸೂರಿನ ಡಾಕ್ಟರು ಹೇಳಿದ್ದಾರಂತೆ. ಅತ್ತಿಗೆ, ಓದಿ ಹೇಳುತ್ತಿರುವವರು ನೀವೇ ಆದ್ದರಿಂದ ಒಂದು ಮಾತು: ಇವನಿಗೆ ಸಿಟ್ಟು ಬರುವಂಥ ಜಾಗ ಬಂದಾಗ ಮೊದಲು ಎರಡೂ ಕಡೆ ದಿಂಬು ಒತ್ತಿಡಿ. ನಾನು ಆರಾಮವಾಗಿದ್ದೇನೆ. ಹಿತ್ತಿಲ ಕಿತ್ತಳೆ ಬಣ್ಣ ತಿರುಗುತ್ತಿದೆ. ಬೆಳಗಿನ ಮಂಜಿನಲ್ಲಿ ಕಾಫಿ ಹಿಡಿದು, ನಿನ್ನ ಬದಲಿಗೆ ನಮ್ಮ ಪತ್ರಿಕೆಯ ಪ್ರೆಸ್ಸಿನ ಬಾಗಿಲು ತೆಗೆಯುವುದು ನನಗೆ ಇಷ್ಟವಾಗಿಬಿಟ್ಟಿದೆ.

ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ನೇರಳೆಮೊಟ್ಟೆಯಲ್ಲಿ ಹಾಕಿ ಪಂದ್ಯದ ಕೊನೆಯ ಆಟವಿತ್ತು. ಸಂಜೆಯ ಹೊತ್ತಿಗೆ ಆ ಊರಿನ ತಂಡದ ನಾಯಕ ಬೆಳ್ಳಿಯಪ್ಪ ತೀರಿಕೊಂಡ. ಹೋದ ವರ್ಷ ನೀನೇ ಅವನನ್ನು ‘ಮೈದಾನದ ಮಿಂಚುಳ್ಳಿ’ ಎಂದು ಬರೆದಿದ್ದೆಯಲ್ಲ, ಅದೇ ಹುಡುಗ. ಮಂಗಳವಾರ ಅಲ್ಲಿಯ ನಮ್ಮ ಏಜೆಂಟ್ ಅಪ್ಪಯ್ಯ ಸುದ್ದಿ ಕಳಿಸಿದರು: ಗೋಲಿನ ವಿಷಯಕ್ಕೆ ಜಗಳವಾಯಿತು, ಪೊಲೀಸರು ಬೆಳ್ಳಿಯಪ್ಪನನ್ನು ಹಿಡಿದೊಯ್ದರು, ಸಂಜೆ ಠಾಣೆಯ ಕಡೆಯಿಂದ ಎರಡು ಗುಂಡಿನ ಸದ್ದು ಕೇಳಿತು, ಓಡಿಹೋಗುತ್ತಿದ್ದವನನ್ನು ಹೊಡೆದುರುಳಿಸಿದರು. ನಮ್ಮ ಅಚ್ಚುಮೊಳೆ ಜೋಡಿಸುವ ನಂಜಪ್ಪ ಅದನ್ನು ಓದಿದವನೇ ದಪ್ಪ ಅಕ್ಷರದ ಪೆಟ್ಟಿಗೆ ಎಳೆದು ಕೂತ. ‘ಅಕ್ಕಾವ್ರೆ, ಇದನ್ನ ಸಣ್ಣಕ್ಷರದಲ್ಲಿ ಹಾಕಿದ್ರೆ ಪಾಪ ತಟ್ಟುತ್ತೆ’ ಎಂದ. ನನಗೂ ಮೈ ಉರಿಯುತ್ತಿತ್ತು. ಆದರೆ ಎರಡು ಗುಂಡು ಎಂಬಲ್ಲಿ ಕಣ್ಣು ನಿಂತಿತು. ಆ ಕಡೆಯ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಕೇರಿಗೆ ತಿಳಿಸಲು ಒಂದರ ಹಿಂದೊಂದು ಎರಡು ಗುಂಡು ಹಾರಿಸುವುದಿಲ್ಲವೆ? ಅಪ್ಪಯ್ಯನವರಿಗೆ ಇದು ಗೊತ್ತಿಲ್ಲದ್ದಲ್ಲ. ಬೇರೆ ಯಾವ ದಿನವಾಗಿದ್ದರೂ ಆ ಸದ್ದು ಕೇಳಿ ‘ಯಾರ ಮನೆಯಲ್ಲಿ?’ ಎಂದು ಹೊರಡುತ್ತಿದ್ದರು. ಅವತ್ತು ಮಾತ್ರ, ಹುಡುಗನ ತೋಳು ಹಿಡಿದು ಪೊಲೀಸರು ಎಳೆದೊಯ್ದದ್ದನ್ನು ಕಣ್ಣಾರೆ ಕಂಡಿದ್ದ ಊರು ತನ್ನದೇ ಪದ್ಧತಿಯನ್ನು ಗುರುತಿಸಲಿಲ್ಲ.

ಅಚ್ಚು ತಡೆದು ನಂಜಪ್ಪನ ಮುಖ ಬಾಡಿಸಿ ಮಾರನೆಯ ದಿನ ಗೋಣಿಕೊಪ್ಪಲಿನ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಗಾಡಿಯಲ್ಲಿ. (ಸೊಂಟ ಇನ್ನೂ ನೋಯುತ್ತಿದೆ, ಅತ್ತಿಗೆ, ನಿಮ್ಮ ಎಣ್ಣೆ ಎಲ್ಲಿಟ್ಟಿದ್ದೀರಿ?) ಗುಂಡು ಹಾರಿದ್ದು ಠಾಣೆಯಲ್ಲಲ್ಲ, ಪಕ್ಕದ ರಸ್ತೆಯಲ್ಲಿರುವ ಅವನ ಸೋದರಮಾವನ ಮನೆಯಲ್ಲಿ. ಪೊಲೀಸರು ಬಿಟ್ಟ ಮೇಲೆ ಹುಡುಗ ಅಲ್ಲಿಯವರೆಗೆ ನಡೆದು, ಜಗಲಿಯ ಮೇಲೆ ಮಲಗಿ, ಮತ್ತೆ ಏಳಲಿಲ್ಲ. ಕೋವಿ ಎತ್ತಿದವರು ಆ ಮಾವನೇ. ಶವ ಪರೀಕ್ಷಿಸಿದ ಡಾಕ್ಟರನ್ನು ಕಂಡೆ. ಮೈಮೇಲೆ ಗುಂಡಿನ ಗಾಯವೂ ಇಲ್ಲ, ಲಾಠಿಯ ಬಾಸುಂಡೆಯೂ ಇಲ್ಲ. ಮಲೇರಿಯಾ ಜ್ವರ ಬಂದು ಬಂದು ಹೊಟ್ಟೆಯಲ್ಲಿ ಊದಿದ್ದ ಗುಲ್ಮ ಆಟದಲ್ಲಿ ಚೆಂಡು ಬಡಿದು ಒಳಗೇ ಒಡೆದಿತ್ತು. ಬೇಗ ಕರೆತಂದಿದ್ದರೆ ಎಂದು ಕೇಳಿದೆ. ‘ಬದುಕುತ್ತಿದ್ದ ಎನ್ನಲಾರೆ, ಬದುಕುತ್ತಿರಲಿಲ್ಲ ಎಂದೂ ಎನ್ನಲಾರೆ’ ಎಂದರು. ಹಾಗೆಯೇ ಅಚ್ಚು ಹಾಕಿದ್ದೇನೆ.

ಠಾಣೆಯ ಮಾತು ಉಳಿಯಿತು. ಅಲ್ಲಿದ್ದ ಒಬ್ಬರು, ಹೆಸರು ಬೇಡವೆಂದು ಕೈಮುಗಿದು, ಹೇಳಿದರು: ‘ಹೊಟ್ಟೆ ಹಿಡ್ಕೊಂಡು ಡಾಕ್ಟ್ರನ್ನ ಕರೀರಿ ಅಂತ ಕೇಳ್ದ ಅಮ್ಮ. ದಫೇದಾರ್ರು, ಆಟ ಮುಗೀತು, ಈಗ ನಾಟಕ ಶುರುವೇನೋ ಅಂದ್ರು.’ ನಾನು ದಫೇದಾರರನ್ನೇ ಕೇಳಿದೆ. ಟೊಪ್ಪಿ ಸರಿಮಾಡಿಕೊಂಡು, ‘ಅವನು ಏನೂ ಕೇಳಲಿಲ್ಲ. ನಾವು ಕೈ ಮುಟ್ಟಿಲ್ಲ, ಕತ್ತಲಾಗೋ ಮೊದಲೇ ಬಿಟ್ಟಿದ್ದೇವೆ’ ಎಂದರು. ಕೈ ಮುಟ್ಟಲಿಲ್ಲ ಎಂಬುದು ನಿಜ, ಬಿಟ್ಟದ್ದೂ ನಿಜ.

ಕೊನೆಗೆ ತಾಯಿ ಚಿನ್ನವ್ವನ ಬಳಿ ಹೋದೆ. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಅಳುತ್ತಿರಲಿಲ್ಲ, ನನಗೆ ಮಣೆ ಕೊಟ್ಟು ಎದುರಿಗೆ ನಿಂತೇ ಇದ್ದಳು. ‘ಓಡ್ತಾ ಇದ್ದವನ ಬೆನ್ನಿಗೆ ಗುಂಡು ಬಿತ್ತು ಅಂತ ಬರೀಬೇಡಿ ಅಕ್ಕ. ನನ್ನ ಮಗ ಓಡಿದ್ದು ಚೆಂಡಿನ ಹಿಂದೆ ಮಾತ್ರ. ನಾಟಕ ಆಡ್ದ ಅಂತಾನೂ ಬರೀಬೇಡಿ. ಎರಡೂ ಸುಳ್ಳು’ ಎಂದಳು. ಡಾಕ್ಟರನ್ನು ಕರೆಸಿ ಎಂದು ಅವನು ಕೇಳಿದ ಎನ್ನುವ ಮಾತಿದೆ, ಕೇಳಲಿಲ್ಲ ಎನ್ನುವ ಮಾತೂ ಇದೆ, ಎರಡನ್ನೂ ಹಾಕಬೇಕಾಗುತ್ತದೆ ಎಂದೆ. ‘ಹಾಗಾದ್ರೆ ಓದಿದವರು ನನ್ನ ಮಗನ್ನ ನಂಬಬೇಕೋ ಬೇಡವೋ?’ ಎಂದಳು. ಅಣ್ಣಯ್ಯಾ, ಆ ಪ್ರಶ್ನೆಯನ್ನೂ ಬರೆದುಕೊಂಡು ಎದ್ದೆ.

ಶನಿವಾರ ಪತ್ರಿಕೆ ಹೊರಬಂತು. ಗುಂಡಿನ ಸುದ್ದಿ ಹೇಗೆ ಹುಟ್ಟಿತು ಎಂಬುದು, ಡಾಕ್ಟರ ಮಾತು, ಠಾಣೆಯ ಎರಡೂ ಮಾತುಗಳು, ತಾಯಿಯ ಮಾತು. ನಂಜಪ್ಪ ಕೊನೆಗೂ ನಡುಗಾತ್ರದ ಅಕ್ಷರಕ್ಕೆ ಒಪ್ಪಿದ. ಅಪ್ಪಯ್ಯನವರು ಒಂದು ಪ್ರತಿ ಓದಿ, ಉಳಿದ ಪತ್ರಿಕೆಗಳ ಕಟ್ಟನ್ನು ಹಾಗೆಯೇ ವಾಪಸು ಕಳಿಸಿ, ‘ನಿಮ್ಮಣ್ಣ ಇದ್ದಿದ್ರೆ ಹೀಗೆ ಪೊಲೀಸ್ರ ಪರ ಬರೀತಿರ್ಲಿಲ್ಲ’ ಎಂದು ಹೇಳಿ ಕಳಿಸಿದರು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಸಾಹೇಬರೇ ಬಂದು, ‘ನಿಮ್ಮಣ್ಣ ಇದ್ದಿದ್ದರೆ ಹೀಗೆ ಇಲಾಖೆಯ ಮೇಲೆ ಬರೆಯುತ್ತಿರಲಿಲ್ಲ’ ಎಂದರು. ಇಬ್ಬರಿಗೂ ನಿನ್ನ ಮೇಲೆ ಎಷ್ಟು ಪ್ರೀತಿ ನೋಡು! ನಾನು ಸಾಹೇಬರ ಕೈಗೂ ಅಪ್ಪಯ್ಯನವರ ಆಳಿನ ಕೈಗೂ ಕಿತ್ತಳೆ ಕೊಟ್ಟು ಕಳಿಸಿದೆ. ನೀನು ಸಿಟ್ಟಾಗುವೆಯೋ ಏನೋ. ನನಗಂತೂ ಅವತ್ತು ಒಳ್ಳೆಯ ನಿದ್ದೆ ಬಂತು. ಚಿನ್ನವ್ವನ ಪ್ರಶ್ನೆಯೊಂದನ್ನು ಬಿಟ್ಟರೆ ಎದೆಯಲ್ಲಿ ಮುಳ್ಳಿಲ್ಲ.

ಕಟ್ಟು ಬಿಚ್ಚಿದ ದಿನ ಮೊದಲು ಅತ್ತಿಗೆಯ ಮುಖ ನೋಡು, ಆಮೇಲೆ ಪತ್ರಿಕೆ. ದೇವರು ನಿನ್ನ ಬೆಳಕನ್ನು ನಿನಗೆ ತಿರುಗಿ ಕೊಡಲಿ. ಅತ್ತಿಗೆಗೆ ನಮಸ್ಕಾರ.

ನಿನ್ನ ತಂಗಿ,
ರುದ್ರಮ್ಮ

ಮರೆತ ಮಾತಲ್ಲ, ಈಗ ತಾನೇ ಬಂದದ್ದು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಪಕ್ಕದ ಮನೆಯ ಯಮುನ ನೇರಳೆಮೊಟ್ಟೆಯ ತವರಿನಿಂದ ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ಚೀಲ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದಳು. ಮಬ್ಬಾಗಿದೆ, ಟಪಾಲಿನವನು ಹೊರಡುತ್ತಾನೆ, ಅವಳು ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ:

‘ರುದ್ರಕ್ಕಾ, ಇವತ್ತು ಬೆಳಿಗ್ಗೆ ದಫೇದಾರ್ರು ಪೇಪರ್ ಹಿಡ್ಕೊಂಡು ಚಿನ್ನವ್ವನ ಮನೆಗೆ ಬಂದಿದ್ರು. ಅಂಗಳದ ತುಂಬ ಜನ. ಇವರು ಒಳಗೆ ಹೋಗಿ, ತಲೆ ಬಗ್ಗಿಸಿ, ಅವನು ಡಾಕ್ಟ್ರನ್ನ ಕರೀರಿ ಅಂತ ಕೇಳಿದ್ದು ಹೌದಮ್ಮ, ನಾನೇ ಕರೆಸ್ಲಿಲ್ಲ ಅಂತ ಮೆಲ್ಲಗೆ ಅಂದ್ರು. ಚಿನ್ನವ್ವ ಬೈಲಿಲ್ಲ ಅಕ್ಕ. ಬಾಗಿಲು ಪೂರ್ತಿ ತೆಗೆದು, ಹೊರಗಿರೋರಿಗೂ ಕೇಳೋ ಹಾಗೆ ಹೇಳಿ ಅಂದ್ಳು.’